‘ಆಪರೇಶನ್ ರಿಸ್ಕ್ ಎಷ್ಟು ಸಾರ್?’: ಹೊನ್ನೂರಿನಿಂದ ಮೈಸೂರಿನ ಒಟಿವರೆಗಿನ ಒಂದು ಲೆಕ್ಕ

ಕರುಳಿನದ್ದೋ ರಕ್ತನಾಳದ್ದೋ ದೊಡ್ಡ ಆಪರೇಶನ್ ಆಗಬೇಕು ಅಂತ ಡಾಕ್ಟರು ಹೇಳಿದ ಕೂಡಲೇ ನಮ್ಮ ಕಡೆ ಜನ ಕೇಳೋದು ಒಂದೇ ಪ್ರಶ್ನೆ: ‘ಗ್ಯಾರಂಟಿನಾ ಸಾರ್?’ ಡಾಕ್ಟರು ಗ್ಯಾರಂಟಿ ಅನ್ನುವುದಿಲ್ಲ. ‘ಹತ್ತಕ್ಕೆ ಒಂದು ರಿಸ್ಕ್ ಇದೆ’ ಅಂತಲೋ, ‘ಫಿಫ್ಟಿ ಫಿಫ್ಟಿ’ ಅಂತಲೋ ಒಂದು ಸಂಖ್ಯೆ ಹೇಳುತ್ತಾರೆ. ಮನೆಯವರು ಅದನ್ನು ಹಣೆಬರಹದ ಭಾಷೆಗೆ ಅನುವಾದ ಮಾಡಿಕೊಂಡು ಫಾರಂಗೆ ಸಹಿ ಹಾಕುತ್ತಾರೆ.

ಆ ಸಂಖ್ಯೆಯೊಳಗೆ ಏನೇನಿದೆ ಅನ್ನೋದು ಈ ಲೇಖನದ ವಿಷಯ. ಸರ್ಜನ್ ಕೈಚಳಕ ಅದರಲ್ಲಿದೆ, ನಿಜ. ಅದರ ಜೊತೆಗೆ ಮನೆಯಿಂದ ಒಟಿವರೆಗೆ ಕಳೆದ ಗಂಟೆಗಳು, ರೋಗಿಯ ಮೈಯಲ್ಲಿದ್ದ ರಕ್ತ, ಆಪರೇಶನ್ ಮುಗಿದ ರಾತ್ರಿ ಐಸಿಯುನಲ್ಲಿ ಎಷ್ಟು ಜನ ನರ್ಸ್ ಇದ್ದರು ಅನ್ನೋದೂ ಇದೆ. ಡಾಕ್ಟರು ಇದನ್ನೆಲ್ಲ ಸೇರಿಸಿ ಒಂದೇ ಸಂಖ್ಯೆ ಮಾಡಿ ನಮ್ಮ ಕೈಗೆ ಕೊಡುತ್ತಾರೆ. ಬಿಡಿಸಿ ನೋಡಿದರೆ ಅದರ ಬಹುಪಾಲು ಸರ್ಕಾರ ಬದಲಾಯಿಸಬಹುದಾದದ್ದು.

ಹೊನ್ನೂರನ್ನೇ ತೆಗೆದುಕೊಳ್ಳಿ. ಯಳಂದೂರು ತಾಲ್ಲೂಕಿನ ಊರು. ಭತ್ತ, ಕಬ್ಬಿನ ಬಯಲು, ಆಚೆಗೆ ಬಿಳಿಗಿರಿರಂಗನ ಬೆಟ್ಟ. ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ಹೊಟ್ಟೆನೋವು ಶುರುವಾಯ್ತು ಅಂದುಕೊಳ್ಳಿ. ಮೊದಲು ಜೀರಿಗೆ ನೀರು. ಆಮೇಲೆ ಮನೆಯಲ್ಲಿರುವ ಗ್ಯಾಸ್ ಮಾತ್ರೆ. ಬೆಳಗಿನ ಜಾವ ಹೊಟ್ಟೆ ಕಲ್ಲಿನಂತಾದಾಗ ಯಾರದೋ ಆಟೋದಲ್ಲಿ ಯಳಂದೂರು ತಾಲ್ಲೂಕು ಆಸ್ಪತ್ರೆ. ಅಲ್ಲಿ ಆ ಹೊತ್ತಿಗೆ ಸರ್ಜನ್, ಅರಿವಳಿಕೆ ಡಾಕ್ಟರ್, ರಕ್ತ, ಮೂರೂ ಒಟ್ಟಿಗೆ ಇಲ್ಲದಿದ್ದರೆ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಚೀಟಿ. ಅಲ್ಲಿಂದಲೂ ‘ಮೈಸೂರಿಗೆ ತಗೊಂಡೋಗಿ’ ಅಂದರೆ ಇನ್ನೊಂದು ಅರವತ್ತು ಕಿಲೋಮೀಟರ್. ಹನೂರಿನ ಕಡೆಯವರಿಗೆ ಈ ದಾರಿ ಇನ್ನೂ ಉದ್ದ. ಮಲೆ ಮಾದೇಶ್ವರ ಬೆಟ್ಟದಿಂದ ಮೈಸೂರು ನೂರ ನಲವತ್ತು ಕಿಲೋಮೀಟರ್ ಹತ್ತಿರ, ಅದರಲ್ಲಿ ಒಂದಷ್ಟು ಘಾಟಿ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷಪ್ರಸಾದ ತಿಂದವರನ್ನು ಕೊಳ್ಳೇಗಾಲ ದಾಟಿಸಿ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿದ್ದು ಇದೇ ರಸ್ತೆಯಲ್ಲಿ. ಅವತ್ತು ಟಿವಿ ಕ್ಯಾಮೆರಾ ಇತ್ತು. ಕರುಳು ತೂತಾದ ಒಬ್ಬ ಕೂಲಿಯವನು ಅದೇ ರಸ್ತೆಯಲ್ಲಿ ಹೋಗುವಾಗ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಗಂಟೆಗೆ ಎಷ್ಟು ಬೆಲೆ

ಜಠರದಲ್ಲೋ ಕರುಳಿನಲ್ಲೋ ತೂತಾದರೆ ಒಳಗಿರುವ ಆಸಿಡ್, ಮಲ, ಬ್ಯಾಕ್ಟೀರಿಯಾ ಹೊಟ್ಟೆಯ ಕುಹರಕ್ಕೆ ಸುರಿಯುತ್ತದೆ. ಮೊದಲ ಕೆಲವು ಗಂಟೆ ಅದೊಂದು ಪ್ಲಂಬಿಂಗ್ ಸಮಸ್ಯೆ: ತೊಳೆಯಬೇಕು, ತೂತು ಮುಚ್ಚಬೇಕು. ತಡವಾದರೆ ಸೋಂಕು ರಕ್ತಕ್ಕೆ ಹೋಗುತ್ತದೆ, ಬಿ.ಪಿ. ಬೀಳುತ್ತದೆ, ಕಿಡ್ನಿ ನಿಲ್ಲುತ್ತದೆ. ಆಮೇಲೆ ಅದೇ ಸರ್ಜನ್ ಅದೇ ಹೊಲಿಗೆ ಹಾಕಿದರೂ ಫಲ ಬೇರೆ. ನಮ್ಮಲ್ಲಿ ತೂತಾಗಲು ಕಾರಣಗಳು ಬೇಕಾದಷ್ಟು: ಹುಣ್ಣು, ಟೈಫಾಯ್ಡ್, ಕರುಳಿನ ಟಿಬಿ, ಗದ್ದೆ ಕೆಲಸ ಮುಗಿಸಿ ಮೈಕೈ ನೋವಿಗೆ ದಿನಾ ಖಾಲಿ ಹೊಟ್ಟೆಯಲ್ಲಿ ನುಂಗುವ ನೋವಿನ ಮಾತ್ರೆ.

ಡೆನ್ಮಾರ್ಕಿನಲ್ಲಿ ಹುಣ್ಣು ತೂತಾಗಿ ಆಪರೇಶನ್ ಆದ 2,600ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಸ್ಪತ್ರೆ ಸೇರಿದ ಮೊದಲ 24 ಗಂಟೆಯಲ್ಲಿ ಆಪರೇಶನ್ ಒಂದೊಂದು ಗಂಟೆ ತಡವಾದ ಹಾಗೂ ಬದುಕುವ ಸಾಧ್ಯತೆ ಹಿಂದಿನ ಗಂಟೆಗಿಂತ ಶೇ. 2.4ರಷ್ಟು ಕುಗ್ಗುತ್ತದೆ ಅನ್ನೋದು ಅದರ ಫಲಿತಾಂಶ. ಎರಡು ಚೀಟಿ, ಎರಡು ಆಂಬುಲೆನ್ಸ್, ಒಂದು ಕಾಯುವಿಕೆ ಸೇರಿ ಆರು ಗಂಟೆ ಹೋಯ್ತು ಅನ್ನಿ. ಅದೇ ದರದಲ್ಲಿ ಗುಣಿಸಿದರೆ ಬದುಕುವ ಸಾಧ್ಯತೆಯಲ್ಲಿ ಶೇ. 13–14ರಷ್ಟು ರಸ್ತೆಯಲ್ಲೇ ಸೋರಿಹೋಗುತ್ತದೆ. ಡೆನ್ಮಾರ್ಕಿನ ದರ ಹೊನ್ನೂರಿಗೆ ಹಾಗೇ ಹೊಂದುತ್ತದೆ ಅಂತ ನಾನು ವಾದಿಸುವುದಿಲ್ಲ. ಅಲ್ಲಿ ಗಡಿಯಾರ ಶುರುವಾಗೋದು ಆಸ್ಪತ್ರೆ ಬಾಗಿಲಲ್ಲಿ. ಇಲ್ಲಿ ಆ ಬಾಗಿಲು ತಲುಪುವ ಮುಂಚೆಯೇ ಒಂದು ರಾತ್ರಿ ಕಳೆದಿರುತ್ತದೆ.

ಭಾರತದ್ದೇ ಲೆಕ್ಕ ಬೇಕು ಅಂದರೆ ಅದೂ ಇದೆ. ಮಿಲಿಯನ್ ಡೆತ್ ಸ್ಟಡಿ ಅಂತ ದೇಶದಾದ್ಯಂತ ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ದಾಖಲಿಸಿದ ದೊಡ್ಡ ಸಮೀಕ್ಷೆ. ಅದರ ಆಧಾರದ ಮೇಲೆ 2015ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂದ ಲೇಖನದ ಪ್ರಕಾರ, 2010ರಲ್ಲಿ 70 ವರ್ಷದೊಳಗಿನ ಸುಮಾರು 72,000 ಭಾರತೀಯರು ಹೊಟ್ಟೆಯ ತುರ್ತು ಕಾಯಿಲೆಗಳಿಂದ ಸತ್ತರು. ಹತ್ತರಲ್ಲಿ ಏಳು ಸಾವು ಮನೆಯಲ್ಲೇ ಆದವು. ಹತ್ತಿರ ಹತ್ತಿರ ಒಂಬತ್ತು ಹಳ್ಳಿಗಳಲ್ಲಿ. ಸಾವು ಹೆಚ್ಚಿದ್ದ ಪ್ರದೇಶಗಳು ಸುಸಜ್ಜಿತ ಜಿಲ್ಲಾ ಆಸ್ಪತ್ರೆಯಿಂದ ದೂರದಲ್ಲಿದ್ದವು. ಎಲ್ಲರಿಗೂ 50 ಕಿಲೋಮೀಟರ್ ಒಳಗೆ ಅಂಥ ಆಸ್ಪತ್ರೆ ಇದ್ದಿದ್ದರೆ ಸುಮಾರು 50,000 ಜೀವ ಉಳಿಯುತ್ತಿತ್ತು ಅಂತ ಸಂಶೋಧಕರು ಅಂದಾಜು ಮಾಡಿದರು. ಸುಸಜ್ಜಿತ ಅನ್ನೋ ಪದ ಗಮನಿಸಿ. ಕಟ್ಟಡ ಹತ್ತಿರವಿದ್ದರೆ ಸಾಲದು; ಸರ್ಜನ್, ಅರಿವಳಿಕೆ, ರಕ್ತನಿಧಿ, ಸ್ಕ್ಯಾನ್, ಐಸಿಯು ಎಲ್ಲವೂ ಆ ರಾತ್ರಿ ಇರಬೇಕು.

ಎಂಜಿನಿಯರಿಂಗ್‌ನಲ್ಲಿ ನಮಗೆ ರಿಲಯಬಿಲಿಟಿ ಅಂತ ಒಂದು ಪಾಠ ಇತ್ತು. ಸಾಲಾಗಿ ಜೋಡಿಸಿದ ಆರು ಭಾಗಗಳಲ್ಲಿ ಪ್ರತಿಯೊಂದೂ ಶೇ. 95ರಷ್ಟು ಸಲ ಸರಿಯಾಗಿ ಕೆಲಸ ಮಾಡುತ್ತದೆ ಅಂದರೆ ಇಡೀ ಸಾಲು ಸರಿಯಾಗಿ ಕೆಲಸ ಮಾಡೋದು ಶೇ. 73–74ರಷ್ಟು ಸಲ ಮಾತ್ರ. ಆಂಬುಲೆನ್ಸ್, ತಾಲ್ಲೂಕು ಡಾಕ್ಟರು, ಸ್ಕ್ಯಾನ್, ರಕ್ತ, ಒಟಿ, ಐಸಿಯು: ಇದೂ ಒಂದು ಸಾಲು. ಪ್ರತಿ ಇಲಾಖೆಯೂ ‘ನಮ್ಮದು ಬಹುತೇಕ ಸರಿ ಇದೆ’ ಅಂತ ಪ್ರಾಮಾಣಿಕವಾಗಿಯೇ ಹೇಳಬಹುದು, ಆದರೂ ನಾಲ್ಕರಲ್ಲಿ ಒಬ್ಬರು ಮಧ್ಯದಲ್ಲೇ ಕಳಚಿಕೊಳ್ಳುತ್ತಾರೆ.

ಕಾಲಿಗೆ ಆರು ಗಂಟೆ, ಕರುಳಿಗೆ ಅಷ್ಟೂ ಇಲ್ಲ

ರಕ್ತನಾಳದ ಕಥೆಯಲ್ಲಿ ಗಡಿಯಾರ ಇನ್ನೂ ಕ್ರೂರ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಜಾರಿ ಕಾಲಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ, ಬಿಳಚಿಕೊಳ್ಳುತ್ತದೆ, ನೋವು, ಆಮೇಲೆ ಜೋಮು. ಸ್ನಾಯು ಮತ್ತು ನರ ತಡೆಯೋದು ಸುಮಾರು ಆರು ಗಂಟೆ. ಅಷ್ಟರೊಳಗೆ ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ, ಸಣ್ಣ ಬಲೂನಿರುವ ಕೊಳವೆ ತೂರಿಸಿ, ಹೆಪ್ಪು ದಾಟಿದ ಮೇಲೆ ಬಲೂನ್ ಉಬ್ಬಿಸಿ ಎಳೆದರೆ ಹೆಪ್ಪು ಹೊರಗೆ ಬರುತ್ತದೆ. ಥಾಮಸ್ ಫೋಗರ್ಟಿ ಎಂಬ ಅಮೆರಿಕನ್ ವೈದ್ಯ ಇದನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದ. ಮೊದಲ ಬಲೂನು ಸರ್ಜರಿ ಗ್ಲೌಸಿನ ಬೆರಳ ತುದಿ. ಅದನ್ನು ಕೊಳವೆಗೆ ಕಟ್ಟಿದ್ದು ಮೀನು ಹಿಡಿಯುವ ಗಾಳಕ್ಕೆ ನೊಣ ಕಟ್ಟುವ ಗಂಟಿನಿಂದ. ಅರವತ್ತು ವರ್ಷ ಹಳೆಯ, ಸರಳವಾದ ತಂತ್ರ ಇದು. ಆದರೂ ರಕ್ತನಾಳದ ಸರ್ಜರಿ ಒಂದು ಸೂಪರ್ ಸ್ಪೆಷಾಲಿಟಿ, ತಾಲ್ಲೂಕು ಆಸ್ಪತ್ರೆಯ ಹುದ್ದೆಗಳಲ್ಲಿ ಅದು ಬರುವುದೇ ಇಲ್ಲ. ಹಾಗಾಗಿ ನಮ್ಮ ಕಡೆ ಎಷ್ಟೋ ಕಾಲುಗಳಿಗೆ ‘ರಿಸ್ಕ್’ ಅನ್ನೋ ಮಾತು ಶುರುವಾಗುವಾಗಲೇ ಆಯ್ಕೆ ಒಂದೇ ಉಳಿದಿರುತ್ತದೆ, ಕತ್ತರಿಸುವುದು.

ನಿಧಾನವಾಗಿ ಮುಚ್ಚಿಕೊಳ್ಳುವ ನಾಳಗಳ ಕಥೆ ಬೇರೆ. ಸಕ್ಕರೆ ಕಾಯಿಲೆ, ಬೀಡಿ. ಬೀಡಿ ಸೇದುವ ಗಂಡಸರಲ್ಲಿ ನಲವತ್ತರೊಳಗೇ ಬೆರಳು ಕಪ್ಪಾಗುವ ಬರ್ಗರ್ಸ್ ಕಾಯಿಲೆ ನಮ್ಮ ದೇಶದ ಸರ್ಜನ್‌ಗಳಿಗೆ ಹೊಸದಲ್ಲ. ಇಲ್ಲಿ ಬೀಡಿ ಬಿಡುವುದೇ ಅತಿ ದೊಡ್ಡ ಚಿಕಿತ್ಸೆ. ಸೇದುತ್ತಲೇ ಇದ್ದರೆ ಯಾವ ಬೈಪಾಸ್ ಮಾಡಿದರೂ ಬೆರಳಾದ ಮೇಲೆ ಪಾದ, ಪಾದವಾದ ಮೇಲೆ ಮೊಣಕಾಲು ಅಂತ ಮೇಲೆ ಮೇಲೆ ಹೋಗುತ್ತದೆ.

ಈ ಎರಡು ಲೋಕ, ರಕ್ತನಾಳ ಮತ್ತು ಕರುಳು, ಸೇರುವ ಒಂದು ಕಾಯಿಲೆ ಇದೆ. ಅದೇ ಹೆಪ್ಪು ಕಾಲಿಗೆ ಹೋಗದೆ ಕರುಳಿಗೆ ರಕ್ತ ಒಯ್ಯುವ ನಾಳಕ್ಕೆ ಹೋದರೆ ಕರುಳಿಗೆ ಗ್ಯಾಂಗ್ರಿನ್. ವೈದ್ಯಕೀಯ ಹೆಸರು ಮೆಸೆಂಟರಿಕ್ ಇಸ್ಕೀಮಿಯಾ. ಇದರ ಲಕ್ಷಣವೇ ಮೋಸದ್ದು: ನೋವು ತಡೆಯಲಾಗದಷ್ಟು, ಆದರೆ ಹೊಟ್ಟೆ ಮುಟ್ಟಿದರೆ ಮೆತ್ತಗೇ ಇರುತ್ತದೆ. ‘ಇಷ್ಟಕ್ಕೆಲ್ಲಾ ಹಿಂಗ್ ಕಿರುಚ್ತಾರಾ’ ಅಂತ ಮನೆಯವರೂ, ಕೆಲವು ಸಲ ಡಾಕ್ಟರೂ ಅಂದುಕೊಳ್ಳುತ್ತಾರೆ. ರಕ್ತನಾಳಕ್ಕೆ ಬಣ್ಣದ ದ್ರವ ಹಾಕಿ ಸಿ.ಟಿ. ಸ್ಕ್ಯಾನ್ ಮಾಡಿದರಷ್ಟೇ ಗೊತ್ತಾಗೋದು. ಪತ್ತೆ ಹಚ್ಚುವುದು ಆರು ಗಂಟೆ ತಡವಾದರೆ ಸಾವಿನ ಪ್ರಮಾಣ ದುಪ್ಪಟ್ಟಾಗುತ್ತದೆ ಅಂತ ತುರ್ತು ಸರ್ಜನ್‌ಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಒಟ್ಟಾರೆ ಸಾವಿನ ಪ್ರಮಾಣ ಶೇ. 50ರ ಮೇಲೆ. ಇಲ್ಲಿ ಯಾರಾದರೂ ‘ಫಿಫ್ಟಿ ಫಿಫ್ಟಿ’ ಅಂದರೆ ಅದು ಒಳ್ಳೆಯ ಸುದ್ದಿ.

ಚೀಲದ ವಿಷಯ ಯಾರೂ ಹೇಳಲ್ಲ

ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಶನ್‌ಗಳಲ್ಲಿ ಸಾವಿನ ಅಪಾಯ ಇದಕ್ಕಿಂತ ಬಹಳ ಕಡಿಮೆ. ಆದರೆ ಅಪಾಯ ಅಂದರೆ ಸಾವೊಂದೇ ಅಲ್ಲ.

ಹೊನ್ನೂರಿನ ನಮ್ಮ ದೊಡ್ಡಪ್ಪನಿಗೆ ಗುದನಾಳದ ಗಡ್ಡೆ ತೆಗೆಯುವ ಆಪರೇಶನ್ ಆಯಿತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹಿಂದಿನ ಸಂಜೆ ನಾಲ್ಕು ಪುಟದ ಇಂಗ್ಲಿಷ್ ಫಾರಂ ಬಂತು. ‘ಹತ್ತಕ್ಕೆ ಒಂದು ಲೀಕ್ ಆಗೋ ಚಾನ್ಸ್ ಇದೆ, ಎಲ್ಲಾ ಫಾರ್ಮಾಲಿಟಿ’ ಅಂದರು. ದೊಡ್ಡಪ್ಪ ನನ್ನ ಕಡೆ ತಿರುಗಿ, ‘ಆ ಒಂದ್ರೊಳಗೆ ನಾನಿದೀನೋ, ಒಂಬತ್ರೊಳಗಿದೀನೋ ಕೇಳಪ್ಪ ಒಸಿ’ ಅಂದರು. ಸಂಖ್ಯಾಶಾಸ್ತ್ರದ ಮೇಲೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕಾಲೇಜಿನಲ್ಲೂ ಕೇಳಿಲ್ಲ.

ಲೀಕ್ ಅಂದರೆ ಇಷ್ಟು. ಕೆಟ್ಟ ಭಾಗ ಕತ್ತರಿಸಿ ತೆಗೆದ ಮೇಲೆ ಕರುಳಿನ ಎರಡು ತುದಿಗಳನ್ನು ಜೋಡಿಸುತ್ತಾರೆ. ಆ ಜೋಡಣೆ ಕೂಡಿಕೊಳ್ಳದೆ ಸೋರಿದರೆ ಮತ್ತೆ ಹೊಟ್ಟೆಯೊಳಗೆ ಮಲ, ಮತ್ತೆ ಆಪರೇಶನ್, ಐಸಿಯು. ಸಣ್ಣ ಕರುಳಿನ ಜೋಡಣೆಯಲ್ಲಿ ಇದು ನೂರಕ್ಕೆ ಕೆಲವೇ ಮಂದಿಗೆ ಆಗುತ್ತದೆ, ಗುದನಾಳದ ಕೆಳಭಾಗದಲ್ಲಿ ಹತ್ತರಲ್ಲಿ ಒಬ್ಬರ ಹತ್ತಿರ ಹೋಗುತ್ತದೆ. ನೀವು ಒಂದರೊಳಗೋ ಒಂಬತ್ತರೊಳಗೋ ಅನ್ನೋದನ್ನು ಪೂರ್ತಿ ಹೇಳಲಾಗದು. ಆದರೆ ವಾಲಿಸಬಹುದು: ಸಿಗರೇಟು, ಬೀಡಿ ಕೆಲವು ವಾರ ಮುಂಚೆ ಬಿಟ್ಟರೆ, ಸಕ್ಕರೆ ಹತೋಟಿಯಲ್ಲಿದ್ದರೆ, ಮೈಯಲ್ಲಿ ಪ್ರೋಟೀನ್, ರಕ್ತ ಇದ್ದರೆ ಜೋಡಣೆ ಗಟ್ಟಿಯಾಗುತ್ತದೆ. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇದಾಗಬೇಕಿತ್ತು. ಯಾರೂ ಕೊಡಲಿಲ್ಲ.

ಜೋಡಣೆ ಮಾಯುವವರೆಗೆ ಮಲ ಅಲ್ಲಿಗೆ ಹೋಗದಿರಲಿ ಅಂತ ಸಣ್ಣ ಕರುಳಿನ ಕುಣಿಕೆಯೊಂದನ್ನು ಹೊಟ್ಟೆಯ ಬಲಗಡೆ ಹೊರಗೆ ತೆರೆದು ಚೀಲ ಅಂಟಿಸುತ್ತಾರೆ. ಸ್ಟೋಮಾ ಅಂತಾರೆ. ಒಳ್ಳೆಯ ಸರ್ಜನ್ ಮಾಡುವ ಒಳ್ಳೆಯ ನಿರ್ಧಾರ ಅದು. ಆದರೆ ದೊಡ್ಡಪ್ಪನಿಗೆ ಅದು ಗೊತ್ತಾದದ್ದು ಎಚ್ಚರವಾಗಿ ಹೊಟ್ಟೆ ಮುಟ್ಟಿಕೊಂಡಾಗ. ಮನೆಗೆ ಬಂದ ಮೇಲೆ ಎರಡು ತಿಂಗಳು ಜಗುಲಿಗೆ ಬಂದು ಕೂರಲಿಲ್ಲ. ದೇವಸ್ಥಾನಕ್ಕೆ ಹೋಗುವುದಂತೂ ಬಿಟ್ಟೇಬಿಟ್ಟರು. ಬೇಸಿಗೆಯಲ್ಲಿ ಇನ್ನೊಂದು ಕಷ್ಟ: ಸಣ್ಣ ಕರುಳಿನ ಸ್ಟೋಮಾದಿಂದ ನೀರು, ಉಪ್ಪು ಬಹಳ ಹೋಗುತ್ತದೆ, ಓಆರ್‌ಎಸ್ ಕುಡಿಯದಿದ್ದರೆ ಕಿಡ್ನಿಗೆ ಪೆಟ್ಟು. ಚೀಲ ಎಲ್ಲಿ ಸಿಗುತ್ತದೆ, ಸುತ್ತಲಿನ ಚರ್ಮ ಕೊಚ್ಚಿಹೋಗದಂತೆ ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಡುವ ನರ್ಸ್ ಊರಿನ ಹತ್ತಿರ ಇಲ್ಲ. ಸರ್ಜರಿಯ ಯಶಸ್ಸಿನ ಪಟ್ಟಿಯಲ್ಲಿ ದೊಡ್ಡಪ್ಪ ‘ಯಶಸ್ವಿ’. ಅದು ಸರಿಯೇ, ಚೀಲ ತೆಗೆದಾಯಿತು, ಈಗ ಆರಾಮಾಗಿದ್ದಾರೆ. ಜಗುಲಿಗೆ ಬರದ ಎರಡು ತಿಂಗಳಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಒಟಿಗೆ ಹೋಗುವ ಮೈ ಹೇಗಿದೆ ಅನ್ನುವುದಕ್ಕೆ ಬರೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇದ್ದವರು ಶೇ. 47.8. ರಕ್ತ ಕಡಿಮೆ ಇದ್ದವರು ಆಪರೇಶನ್‌ನಲ್ಲಿ ಕಳೆದುಕೊಳ್ಳುವ ರಕ್ತವನ್ನು ತಡೆದುಕೊಳ್ಳುವುದು ಕಷ್ಟ, ಗಾಯವೂ ನಿಧಾನ. ಬಿಳಿಗಿರಿರಂಗನ ಬೆಟ್ಟ, ಮಲೆ ಮಾದೇಶ್ವರ ಬೆಟ್ಟದ ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆಯೂ ಇದೆ. ಸಿಕಲ್ ಸೆಲ್ ಅಂತೇವಲ್ಲ, ಅದು. ಆಕ್ಸಿಜನ್ ಕಡಿಮೆಯಾದರೆ, ಚಳಿಯಾದರೆ, ನೀರು ಕಡಿಮೆಯಾದರೆ ಕೆಂಪು ಕಣಗಳು ಬಾಗಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತವೆ. ಅದರ ನೋವು ಹೊಟ್ಟೆಯಲ್ಲಿ ಬಂದಾಗ ಅಪೆಂಡಿಕ್ಸ್ ತರಾನೇ ಕಾಣಬಹುದು, ಬೇಡದ ಆಪರೇಶನ್ ಆಗಬಹುದು. ನಿಜವಾಗಿ ಆಪರೇಶನ್ ಬೇಕಾದಾಗ ಮೈ ಬೆಚ್ಚಗಿಡುವುದು, ಆಕ್ಸಿಜನ್, ಡ್ರಿಪ್ ಇವೆಲ್ಲ ಹೆಚ್ಚು ಎಚ್ಚರದಿಂದ ಆಗಬೇಕು. ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ 2023ರ ಜುಲೈ 1ರಂದು ಶುರುವಾಯಿತು, ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಾರೆ. ತುರ್ತಿನಲ್ಲಿ ಆ ಕಾರ್ಡ್ ಸರ್ಜನ್ ಕೈಗೆ ತಲುಪಬೇಕು. ಪೋಡಿನ ಯುವಕರು ಅದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳೋದು ಒಳ್ಳೇದು.

ಎಣಿಸಿದರೆ ಇಳಿಯುತ್ತದೆ

ಹೊಟ್ಟೆಯೊಳಗಿನ ಮಹಾಪಧಮನಿ ಬಲೂನಿನಂತೆ ಉಬ್ಬುವ ಕಾಯಿಲೆಯೊಂದಿದೆ. ಐನ್‌ಸ್ಟೈನ್ 1955ರಲ್ಲಿ ಸತ್ತದ್ದು ಅದು ಒಡೆದು. ಆಪರೇಶನ್ ಬೇಡ ಅಂದಿದ್ದರು. ಗಂಡಸರಲ್ಲಿ 5.5 ಸೆಂಟಿಮೀಟರ್ ದಾಟುವವರೆಗೆ ಸಾಮಾನ್ಯವಾಗಿ ಆಪರೇಶನ್ ಮಾಡುವುದಿಲ್ಲ, ಯಾಕೆಂದರೆ ಅದಕ್ಕಿಂತ ಸಣ್ಣದಿದ್ದಾಗ ಮುಂಚೆಯೇ ಕೊಯ್ದವರು ಹೆಚ್ಚು ಬದುಕಲಿಲ್ಲ ಅಂತ ಬ್ರಿಟನ್ ಮತ್ತು ಅಮೆರಿಕದ ಪ್ರಯೋಗಗಳು ತೋರಿಸಿವೆ. ಆಪರೇಶನ್ ಮಾಡದಿರುವುದಕ್ಕೂ ಒಂದು ಲೆಕ್ಕ ಇದೆ ಅನ್ನೋದಕ್ಕೆ ಇದನ್ನು ಹೇಳಿದೆ. ನನಗೆ ಬೇಕಾದದ್ದು ಮುಂದಿನ ಭಾಗ.

2008ರಲ್ಲಿ ಯುರೋಪಿನ ದೇಶಗಳ ಅಂಕಿಅಂಶ ಒಟ್ಟಿಗಿಟ್ಟು ನೋಡಿದಾಗ, ಒಡೆಯುವ ಮುಂಚೆಯೇ ದಿನ ಗೊತ್ತುಮಾಡಿ ಮಾಡುವ ಈ ಆಪರೇಶನ್‌ನಲ್ಲಿ ಬ್ರಿಟನ್ನಿನಲ್ಲಿ ಸಾಯುತ್ತಿದ್ದವರು ಶೇ. 7.5ರಷ್ಟು, ಯುರೋಪಿನ ಸರಾಸರಿ ಶೇ. 3.5. ಬ್ರಿಟನ್ನಿನ ಸರ್ಜನ್‌ಗಳಿಗೆ ಅವಮಾನವಾಯಿತು. ಆಮೇಲೆ ಎಲ್ಲ ಆಸ್ಪತ್ರೆಗಳೂ ಪ್ರತಿ ಕೇಸನ್ನು ರಾಷ್ಟ್ರೀಯ ದಾಖಲೆಗೆ ಹಾಕಲು ಶುರುಮಾಡಿದವು, ವರ್ಷಕ್ಕೆ ಬೆರಳೆಣಿಕೆಯಷ್ಟು ಮಾಡುವ ಕಡೆ ನಿಲ್ಲಿಸಿ ದೊಡ್ಡ ಕೇಂದ್ರಗಳಿಗೆ ಕಳಿಸಿದರು. 2012ರ ಹೊತ್ತಿಗೆ ಸಾವು ಶೇ. 2.4ಕ್ಕೆ ಇಳಿಯಿತು. ಕರುಳಿನ ತುರ್ತು ಆಪರೇಶನ್‌ಗಳಿಗೂ ಇಂಗ್ಲೆಂಡ್, ವೇಲ್ಸ್‌ನಲ್ಲಿ 2013ರಿಂದ ಇಂಥದ್ದೇ ಲೆಕ್ಕ ಇಡುತ್ತಿದ್ದಾರೆ: ಸ್ಕ್ಯಾನ್ ಎಷ್ಟು ಹೊತ್ತಿಗೆ, ಒಟಿ ಎಷ್ಟು ಹೊತ್ತಿಗೆ, ಹಿರಿಯ ಸರ್ಜನ್ ಇದ್ದರಾ, ಆಮೇಲೆ ಐಸಿಯು ಸಿಕ್ಕಿತಾ, 30 ದಿನದ ನಂತರ ಬದುಕಿದ್ದರಾ. ಶೇ. 12ರ ಹತ್ತಿರವಿದ್ದ ಸಾವು ಕೆಲವೇ ವರ್ಷದಲ್ಲಿ ಶೇ. 9–10ರ ಹತ್ತಿರಕ್ಕೆ ಬಂತು. ಯಾವ ಪವಾಡದ ಔಷಧಿಯೂ ಅಲ್ಲಿ ಬಂದಿರಲಿಲ್ಲ.

ಅದು ಶ್ರೀಮಂತ ದೇಶ, ನಮಗೆಲ್ಲಿ ಅನ್ನುವವರಿಗೆ ಯಳಂದೂರನ್ನೇ ತೋರಿಸಬಹುದು. ಕುಷ್ಠರೋಗ ಬಹಳ ಹೆಚ್ಚಿದ್ದ ಈ ತಾಲ್ಲೂಕಿನಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1980ರ ದಶಕದಿಂದ ಮನೆಮನೆ ಹುಡುಕಿ, ರೋಗಿಗಳನ್ನು ಪಟ್ಟಿ ಮಾಡಿ, ಮಾತ್ರೆ ಮುಗಿಯುವವರೆಗೆ ಬೆನ್ನು ಹತ್ತಿ ಅದನ್ನು ಇಳಿಸಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ವಹಿಸಿಕೊಂಡಿತು. ಎಣಿಸುವುದು ಈ ಊರುಗಳಿಗೆ ಹೊಸ ವಿದ್ಯೆ ಅಲ್ಲ.

ಹಣ ಕೊಟ್ಟರೆ ಜೀವ ಉಳಿಯುತ್ತದೆ ಅನ್ನೋದಕ್ಕೂ ಪುರಾವೆ ಕರ್ನಾಟಕದ್ದೇ. 2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಉತ್ತರ ಕರ್ನಾಟಕದಲ್ಲಿ ಇದ್ದ ಹಳ್ಳಿ, ಇಲ್ಲದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಧ್ಯಯನ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆದ ಸಾವು, ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಿಲ್ಲ. ಇದು ಗೊತ್ತಿಲ್ಲದೆ ಚೀಟಿಗಾಗಿ ಗಂಟೆಗಟ್ಟಲೆ ಕಾದವರಿದ್ದಾರೆ, ಊರಲ್ಲಿ ನಾಲ್ಕು ಜನಕ್ಕೆ ಹೇಳಿ.

ಚಾಮರಾಜನಗರದ ವೈದ್ಯಕೀಯ ಕಾಲೇಜು 2016ರಲ್ಲಿ ಬಂತು. ಅದರ 450 ಹಾಸಿಗೆಯ ಹೊಸ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ರಾಷ್ಟ್ರಪತಿಗಳು ಉದ್ಘಾಟಿಸಿದರು. ಅದೇ ವರ್ಷ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಇದೇ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಿಂದ ಏನಾಯಿತು ಅನ್ನೋದು ಯಾರೂ ಮರೆತಿಲ್ಲ. ಆ ಸಾವುಗಳ ಸಂಖ್ಯೆ ಎಷ್ಟು ಅನ್ನುವುದಕ್ಕೇ ತಕರಾರು ನಡೆಯಿತು. ಹಾಸಿಗೆ ಎಷ್ಟು ಅನ್ನೋದು ಉದ್ಘಾಟನೆಯ ಕಲ್ಲಿನ ಮೇಲೆ ಇರುತ್ತದೆ, ಎಷ್ಟು ಕ್ಲೇಮು, ಎಷ್ಟು ಕೋಟಿ ಅನ್ನೋದು ಪತ್ರಿಕಾ ಪ್ರಕಟಣೆಯಲ್ಲಿ ಬರುತ್ತದೆ. ಆ ಹಾಸಿಗೆಯಿಂದ ಎದ್ದು ಹೋದವರು 30 ದಿನದ ನಂತರ ಬದುಕಿದ್ದರಾ ಅನ್ನೋದು ಎರಡರಲ್ಲೂ ಇರುವುದಿಲ್ಲ.

ದುಡ್ಡು ಕೊಡುವುದು ಸರ್ಕಾರ, ಅಂದಮೇಲೆ ಪ್ರತಿ ಆಪರೇಶನ್ನಿನ ಫೈಲೂ ಅದರ ಹತ್ತಿರ ಹೋಗುತ್ತದೆ. ಆದ್ದರಿಂದ ಈ ವಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಮಾಹಿತಿ ಹಕ್ಕು ಅರ್ಜಿ ಹಾಕುತ್ತಿದ್ದೇನೆ. ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ರೋಗಿಗಳಿಗೆ ಕಳೆದ ಮೂರು ವರ್ಷದಲ್ಲಿ ಯೋಜನೆಯಡಿ ಆದ ಕರುಳು ಮತ್ತು ರಕ್ತನಾಳದ ತುರ್ತು ಆಪರೇಶನ್ ಎಷ್ಟು. ಯಾವ ಆಸ್ಪತ್ರೆಯಲ್ಲಿ ಎಷ್ಟು. ಕಾಲು ಕತ್ತರಿಸಿದ್ದು ಎಷ್ಟು, ರಕ್ತನಾಳ ತೆರೆದು ಉಳಿಸಿದ್ದು ಎಷ್ಟು. ಆಸ್ಪತ್ರೆಯಲ್ಲೇ ಸತ್ತವರು ಎಷ್ಟು. ಮೊದಲ ರೆಫರಲ್ ಚೀಟಿಯಿಂದ ಆಪರೇಶನ್‌ವರೆಗೆ ಎಷ್ಟು ಗಂಟೆ. ಕೊನೆಯದಕ್ಕೆ ‘ಮಾಹಿತಿ ಲಭ್ಯವಿಲ್ಲ’ ಅಂತ ಬರುತ್ತದೆ ಅಂತ ನನ್ನ ಊಹೆ, ಯಾಕೆಂದರೆ ನಾನು ನೋಡಿದ ಚೀಟಿಗಳಲ್ಲಿ ತಾರೀಕು ಮಾತ್ರ ಬರೆದಿರುತ್ತಾರೆ, ಹೊತ್ತು ಬರೆದಿರುವುದಿಲ್ಲ. ನಿಮ್ಮ ಮನೆಯವರನ್ನು ಯಾರಾದರೂ ರೆಫರ್ ಮಾಡಿದರೆ, ಚೀಟಿ ತೆಗೆದುಕೊಳ್ಳುವ ಮುಂಚೆ ‘ಟೈಮ್ ಒಂದು ಬರ್ದ್‌ಕೊಡಿ ಸಾರ್’ ಅನ್ನಿ.